ರೊಟ್ಟಿಯ ಹಂಚು, ನಾಲ್ಕು ಪ್ಲಗ್ಗು

ವಾಡಿಯ ನಮ್ಮ ಓಣಿಯಲ್ಲಿ ಬೆಳಗಿನ ಚಹಾಕ್ಕೆ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಎದುರು ಮನೆಯ ನರ್ಸಬಾಯಿ ತಮ್ಮ ಹಳೆಯ ಅಂಬಾಸಿಡರ್ ಕಾರನ್ನು ಎಬ್ಬಿಸಲು ಕೂರುತ್ತಿದ್ದರು. ಅದು ಮೊದಲ ಸಲ ಕೆಮ್ಮಿದಾಗ ನಮ್ಮವ್ವ ಒಲೆಯ ಮೇಲೆ ನೀರಿಡುತ್ತಿದ್ದಳು. ಎರಡನೇ ಸಲ ಕೆಮ್ಮಿದಾಗ ಚಹಾಪುಡಿ, ಸಕ್ಕರೆ. ಆಮೇಲೆ ಅದು ಒಂದಷ್ಟು ಗೊರಗೊರ ಅಂದು, ಸುಮ್ಮನಾಗಿ, ಮತ್ತೆ ಗೊರಗೊರ ಅಂದು, ಕೊನೆಗೆ ಕಿಟಕಿಯ ಗಾಜು ಅದುರುವಂತೆ ಎದ್ದು ನಿಲ್ಲುವಷ್ಟರಲ್ಲಿ ಚಹಾ ಕುದಿದು ಸೋಸಿ ಆಗಿರುತ್ತಿತ್ತು. "ಎದ್ದಳು ನೋಡು ಮಹಾರಾಣಿ. ಇನ್ನ ನೀ ಏಳವ್ವ," ಎಂದು ಅವ್ವ ನನ್ನ ಹೊದಿಕೆ ಎಳೆಯುತ್ತಿದ್ದಳು.

ಈಗ ಗಡಿಯಾರ ನೋಡುತ್ತೇವೆ. ನರ್ಸಬಾಯಿ ಕಳೆದ ದೀಪಾವಳಿ ಮುಗಿದ ಮೇಲೆ ತೀರಿಕೊಂಡರು. ರಾತ್ರಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಯಾರಿಂದಲೂ ಒಂದು ಲೋಟ ನೀರು ಕೂಡ ಕೇಳದೆ ಹೋಗುವುದು ಅವರ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು. ಆದರೂ ನನಗೆ ಅವರ ಮೇಲೆ ಇನ್ನೂ ಸಿಟ್ಟಿದೆ. ಎದುರಿಗೇ ಇದ್ದೆವಲ್ಲ, ಒಮ್ಮೆ ಕೂಗಿದ್ದರೆ ಏನಾಗುತ್ತಿತ್ತು?

ಅವರಿಗೂ ಒಂದು ಹೆಸರಿತ್ತು. ಆದರೆ ಯಾರಾದರೂ ಆ ಹೆಸರು ಹಿಡಿದು ಕರೆದರೆ "ಯಾಕ, ರೇಷನ್ ಕಾರ್ಡ್ ಚೆಕ್ ಮಾಡ್ಲಿಕತ್ತೀರೇನು?" ಎಂದು ಕೇಳುತ್ತಿದ್ದರು. ಚಿತ್ತಾಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಓಣಿಯ ಅರ್ಧ ಮಂದಿಗೆ ಸೂಜಿ ಚುಚ್ಚಿದ್ದ ಕೈ ಅದು, ಹಾಗಾಗಿ ಎಲ್ಲರಿಗೂ ಅವರು ನರ್ಸಬಾಯಿ. ನನಗೂ ಹಾಗೇ ಇರಲಿ.

ನಮ್ಮ ಪರಿಚಯ ಜಗಳದಿಂದ ಶುರುವಾಯಿತು. ಚಿಂಚೋಳಿಯ ಶಾಲೆಯಿಂದ ನನಗೆ ಇಲ್ಲಿಗೆ ವರ್ಗವಾಗಿ, ಅವ್ವನನ್ನು ಕರೆದುಕೊಂಡು ಈ ಮನೆಗೆ ಬಂದ ಹೊಸತು. ಭಾನುವಾರ ಬೆಳಿಗ್ಗೆ ಬಿಳಿ ಸೀರೆ ಒಗೆದು ಅಂಗಳದಲ್ಲಿ ಹಾಕಿದ್ದೆ. ಸಿಮೆಂಟ್ ಫ್ಯಾಕ್ಟರಿಯ ಧೂಳು ಬೀಳುತ್ತದೆಂದು ಎಲ್ಲರೂ ಎಚ್ಚರಿಸಿದ್ದರು. ಎದುರು ಮನೆಯ ಹೊಗೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಕಾರು ಎದ್ದಿತು, ಹಿಂದಿನಿಂದ ಕರ್ರಗಿನ ಹೊಗೆ ಭುಸ್ಸೆಂದು ಬಂದು ನೇರ ನನ್ನ ಸೀರೆಗೇ ತಗುಲಿತು. ನಾನು ಸೀರೆಯನ್ನು ಎತ್ತಿಕೊಂಡೇ ಹೋಗಿ ನಿಂತೆ.

"ಏನ್ರಿ ಇದು? ಇದನ್ನ ಯಾರು ಒಗೀಬೇಕು?"

ಬಾನೆಟ್ಟಿನೊಳಗಿಂದ ತಲೆಯೊಂದು ಹೊರಬಂತು. ನೆರೆತ ಕೂದಲಿಗೆ ಟವೆಲ್ ಸುತ್ತಿದ್ದರು, ಸೆರಗು ಸೊಂಟಕ್ಕೆ ಬಿಗಿದಿತ್ತು, ಮೂಗಿನ ತುದಿಗೆ ಮಸಿ. ನನ್ನನ್ನೂ ಸೀರೆಯನ್ನೂ ನೋಡಿ, "ಕೊಡು ಇಲ್ಲಿ," ಎಂದು ಕೈಯಿಂದ ಕಸಿದುಕೊಂಡರು. "ನಾ ಒಗೀತೀನಿ. ನಾಳಿಂದ ನೀ ಇದು ಎದ್ದ ಮ್ಯಾಲ ಅರಿವಿ ಹಾಕು. ಅರಿವಿ ಸಲುವಾಗಿ ಇದರ ಟೈಮ್ ಬದಲ್ ಮಾಡ್ಲಿಕ್ಕ ಆಗಂಗಿಲ್ಲ."

ಸಂಜೆ ಸೀರೆ ಬಂತು. ನೀಲಿ ಹಾಕಿ, ಇಸ್ತ್ರಿ ಮಾಡಿ, ಆಸ್ಪತ್ರೆಯ ಹಾಸಿಗೆಯ ಚಾದರದ ಹಾಗೆ ಮಡಚಿ ಇಟ್ಟಿದ್ದರು. ಮೇಲೊಂದು ಬಿಸಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ. ಜಗಳ ಮುಂದುವರಿಸಲು ನನಗೆ ದಾರಿಯೇ ಉಳಿಯಲಿಲ್ಲ.

ಆ ಕಾರು ಅವರ ಯಜಮಾನರದು. ವಾಡಿ ಸ್ಟೇಷನ್ನಿನ ಹೊರಗೆ ಬಾಡಿಗೆಗೆ ಓಡಿಸುತ್ತಿದ್ದರು. ರೈಲಿಳಿದವರನ್ನು ನಾಲವಾರದ ಮಠಕ್ಕೆ, ಸೇಡಂ ಕಡೆಯ ಮದುವೆಗಳಿಗೆ, ಕಾಳಗಿಯ ಸಂತೆಗೆ ಒಯ್ದು ಬಿಡುವುದೇ ಅವರ ಉದ್ಯೋಗ. ನಾನು ಅವರನ್ನು ನೋಡಿದವಳಲ್ಲ. ನಾವು ಬರುವ ಮೊದಲೇ ಅವರು ತೀರಿಹೋಗಿದ್ದರು. ಜನ ಕಾರನ್ನು ಮಾರಲು ಹೇಳಿದಾಗ ನರ್ಸಬಾಯಿ ಡ್ರೈವಿಂಗ್ ಕಲಿತರಂತೆ. ಅರವತ್ತರ ಹತ್ತಿರ ಬಂದ ಹೆಂಗಸು ಫ್ಯಾಕ್ಟರಿ ರಸ್ತೆಯಲ್ಲಿ ಲಾರಿಗಳ ನಡುವೆ ಅಷ್ಟು ದೊಡ್ಡ ಕಾರು ಕಲಿಯುವುದನ್ನು ನೋಡಲು ಮಂದಿ ಚಹಾದಂಗಡಿಯಿಂದ ಎದ್ದು ಬರುತ್ತಿದ್ದರು ಎಂದು ಅವ್ವನಿಗೆ ಯಾರೋ ಹೇಳಿದ್ದರು. ಅದನ್ನು ನಾನು ಅವರನ್ನೇ ಕೇಳಿದೆ. "ಬರ್ತಿದ್ರು. ಎರಡ್ ಸಲ ಅವರ ಬೆಂಚಿನ ತನಕ ಗಾಡಿ ಒಯ್ದೆ. ಆಮ್ಯಾಲ ಬರೋದು ಬಿಟ್ರು," ಎಂದರು.

ಕಾರು ಎಬ್ಬಿಸುವ ಅವರ ರೀತಿಯನ್ನು ಹೇಳಲೇಬೇಕು. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಪೆಟ್ರೋಲು ಟ್ಯಾಂಕಿನ ಕಡೆಗೆ ಹಿಂದೆ ಸರಿದಿರುತ್ತಿತ್ತು. ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಪಂಪು, ಅದರ ತಲೆಯ ಮೇಲೆ ಸಣ್ಣ ಗಾಜಿನ ಬಟ್ಟಲು, ಬದಿಗೊಂದು ಪುಟ್ಟ ಹಿಡಿಕೆ. ಆ ಹಿಡಿಕೆಯನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಟ್ಯಾಂಕಿನಿಂದ ಪೆಟ್ರೋಲು ಏರಿ ಬಂದು ಬಟ್ಟಲು ತುಂಬುತ್ತದೆ. ನರ್ಸಬಾಯಿ ಮೊದಲು ಗಾಜನ್ನು ಬೆರಳ ತುದಿಯಿಂದ ತಟ್ಟುತ್ತಿದ್ದರು, ನರ ಹುಡುಕುವವರ ಹಾಗೆ. "ಹೊಟ್ಟಿಗಿ ಏನರೆ ಬಿದ್ದದೇನು ನೋಡೋಣು," ಎನ್ನುತ್ತ ಹಿಡಿಕೆ ಆಡಿಸುತ್ತಿದ್ದರು. ಬಟ್ಟಲು ತುಂಬಿದ ಮೇಲೆ ದವಾಖಾನೆಯ ಕಾಲದ ಗಾಜಿನ ಸಿರಿಂಜು ಹೊರಬರುತ್ತಿತ್ತು. ಅದರಲ್ಲಿ ಒಂಚೂರು ಪೆಟ್ರೋಲು ಎಳೆದುಕೊಂಡು, ಮೇಲೆತ್ತಿ ಹಿಡಿದು, ಉಗುರಿನಿಂದ ಎರಡು ಏಟು ಕೊಟ್ಟು ಗಾಳಿಯ ಗುಳ್ಳೆ ತೆಗೆದು, ಆಮೇಲೆ ಕಾರ್ಬೊರೇಟರಿನ ಬಾಯಿಗೆ ಬಿಡುತ್ತಿದ್ದರು.

"ಗಾಡಿಗೇನ್ರಿ, ಗಾಳಿ ಹೋದ್ರ ಸಾಯ್ತದೇನು?" ಎಂದು ನಾನು ಕಿಚಾಯಿಸಿದ್ದೆ.

"ಗಾಡಿ ಸಾಯಂಗಿಲ್ಲ ತಂಗಿ. ಕೈ ಕೇಳಬೇಕಲ್ಲ."

ಇನ್ನು ಚಳಿಗಾಲದ ಪದ್ಧತಿಯೇ ಬೇರೆ. ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ಕಡೆ ಬೆಳಗಿನ ಜಾವ ಹಲ್ಲು ಕಟಕಟಿಸುತ್ತವೆ. ಆಗ ನರ್ಸಬಾಯಿ ಬೆಳಿಗ್ಗೆ ಜೋಳದ ರೊಟ್ಟಿ ಬಡಿದು ಬೇಯಿಸಿ, ಒಲೆ ಆರಿಸಿ, ಆ ಬಿಸಿ ಹಂಚಿನ ಮೇಲೆಯೇ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ನಾಲ್ಕು ಪ್ಲಗ್ಗುಗಳನ್ನು ಇಡುತ್ತಿದ್ದರು. ಅವುಗಳ ಮಸಿಯನ್ನು ಮೊದಲೇ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆದಿರುತ್ತಿದ್ದರು. ಪ್ಲಗ್ಗು ಬೆಚ್ಚಗಾದ ಮೇಲೆ ಇಕ್ಕಳದಲ್ಲಿ ಹಿಡಿದು, ಸೆರಗಿನ ಮರೆಯಲ್ಲಿ ಗಾಳಿ ತಾಗದಂತೆ ತಂದು, ಒಂದೊಂದಾಗಿ ಕೂರಿಸಿ ತಿರುಗಿಸುತ್ತಿದ್ದರು. ಹುಟ್ಟಿದ ಕೂಸನ್ನು ಬಾಣಂತಿಯ ಕೋಣೆಯಿಂದ ಹೊರಗೆ ತರುವಾಗಲೂ ಅವರು ಹೀಗೇ ತಂದಿರಬೇಕು. "ತಣ್ಣಗಿದ್ದವ್ರನ್ನ ಒತ್ತಾಯ ಮಾಡಬಾರದು. ಮೊದಲ ಬೆಚ್ಚಗ ಮಾಡು, ಆಮ್ಯಾಲ ಏಳು ಅನ್ನು," ಎನ್ನುವುದು ಅವರ ಮಾತು. ನನ್ನನ್ನು ಎಬ್ಬಿಸಲು ಹೊದಿಕೆ ಎಳೆಯುವ ಅವ್ವನಿಗೆ ಇದನ್ನು ಎಷ್ಟೋ ಸಲ ಹೇಳಿ ನೋಡಿದೆ.

ಇಷ್ಟೆಲ್ಲ ಮಾಡಿದರೂ ಅದು ಕೆಮ್ಮುತ್ತಿತ್ತು, ಹೊಗೆ ಬಿಡುತ್ತಿತ್ತು. ವಾರ ತುಂಬುವುದರೊಳಗೆ ಪ್ಲಗ್ಗುಗಳಿಗೆ ಮತ್ತೆ ಮಸಿ. ಯಾಕೆ ಎಂಬುದು ನನಗೆ ಶಹಾಬಾದಿನಿಂದ ಮಿಸ್ತ್ರಿ ಬಂದ ದಿನ ತಿಳಿಯಿತು. ಅವರ ಯಜಮಾನರ ಕಾಲದಿಂದ ಆ ಕಾರಿಗೆ ಕೈ ಹಾಕುತ್ತಿದ್ದ ಮನುಷ್ಯ, ತಲೆಗೆ ಬಿಳಿ ಟೋಪಿ, ಬಾಯಲ್ಲಿ ಸದಾ ಅಡಕೆ. ನಾನು ಅವರಿಗೆ ಚಹಾ ಕೊಡಲು ಹೋಗಿದ್ದೆ.

ಸ್ಟಿಯರಿಂಗಿನ ಬದಿಯಲ್ಲಿ ಚೋಕಿನ ಗುಂಡಿ ಇರುತ್ತದೆ. ತಣ್ಣಗಿನ ಎಂಜಿನ್ ಎಬ್ಬಿಸುವಾಗ ಅದನ್ನು ಹೊರಗೆ ಎಳೆದರೆ ಪೆಟ್ರೋಲು ಹೆಚ್ಚು ಹೋಗುತ್ತದೆ. ಎಂಜಿನ್ ಬೆಚ್ಚಗಾದ ಮೇಲೆ ಪೂರ್ತಿ ಒಳಗೆ ತಳ್ಳಬೇಕು. ಆ ಗುಂಡಿಗೆ ಒಂದು ಕೆಂಪು ಬಟ್ಟೆಯ ಪುಟ್ಟ ಚೀಲ ಜೋತಾಡುತ್ತಿತ್ತು. ನಾಲವಾರದ ಮಠದ ವಿಭೂತಿ. ಅದರ ದಪ್ಪ ದಾರವನ್ನು ಗುಂಡಿಯ ಹಿಂದೆ ಸುತ್ತು ಸುತ್ತಾಗಿ ಬಿಗಿದಿದ್ದರಿಂದ ಗುಂಡಿ ಒಳಗೆ ಹೋಗುವ ಹಾಗೇ ಇರಲಿಲ್ಲ. ಹಗಲೆಲ್ಲ ಅರ್ಧ ಚೋಕಿನಲ್ಲೇ ಓಡಾಟ.

"ಬಾಯಿ, ನಾ ಹರ್ ಸಲ ಹೇಳ್ತೀನಿ, ನೀವು ಹರ್ ಸಲ ಕೇಳಂಗಿಲ್ಲ," ಎಂದರು ಮಿಸ್ತ್ರಿ. "ಈ ಥೈಲಿ ತೆಗೀರಿ, ಚೋಕ್ ಪೂರಾ ಒಳಗ ಹೋಗ್ಲಿ. ಹೊಗಿ ಖತಂ, ಮಸಿ ಖತಂ. ಗಾಡಿ ಹುಡುಗಿ ಹಂಗ ಓಡ್ತದ."

"ಅದು ಬಿಟ್ಟು ಬ್ಯಾರೆ ಏನರೆ ಇದ್ರ ಹೇಳು."

"ಬ್ಯಾರೆ ಏನೂ ಇಲ್ಲ ಬಾಯಿ! ಬಿಮಾರಿನೇ ಇದು!"

"ಹಂಗಾದ್ರ ಬಿಮಾರಿ ಇರ್ಲಿ. ಪ್ಲಗ್ ನಾನೇ ತೊಳೀತೀನಿ. ಚಹಾ ಕುಡಿ, ಆರ್ತದ."

ಮಿಸ್ತ್ರಿ ಹೋದ ಮೇಲೆ ನಾನು ಸುಮ್ಮನಿರಲಾಗದೆ ಕೇಳಿದೆ. ಅವರು ಬಾನೆಟ್ಟಿಗೆ ಒರಗಿ ನಿಂತು ಹೇಳಿದರು. ಪ್ರತಿ ಅಮಾವಾಸ್ಯೆ ಮಠಕ್ಕೆ ಹೋಗಿಬಂದು ಹಳೆಯ ಚೀಲ ಬಿಚ್ಚಿ ಹೊಸದು ಕಟ್ಟುವುದು ಯಜಮಾನರ ಪದ್ಧತಿ. ಎಡಗೈಗೆ ಹತ್ತಿರ ಸಿಕ್ಕ ಗುಂಡಿ ಅದೊಂದೇ. ಕೊನೆಯ ಚೀಲ ಕಟ್ಟಿದ ಮೇಲೆ ಅವರು ಮುಂದಿನ ಅಮಾವಾಸ್ಯೆ ಕಾಣಲಿಲ್ಲ.

"ಅವರು ಇದ್ದಾಗೂ ಇದು ಹಿಂಗೇ ಕೆಮ್ಮತಿತ್ತು ತಂಗಿ. ಪಂಪ್ ಖರಾಬ್ ಅದ ಅಂತ ಜಿಂದಗಿ ಪೂರಾ ಆ ಪಂಪಿಗೆ ಬೈದ್ರು. ಹೊಸಾ ಪಂಪ್ ತಂದ್ರು, ಅದಕ್ಕೂ ಬೈದ್ರು. ಕಡಿಗಿ ನೋಡಿದ್ರ ಬಿಮಾರಿ ಅವರ ಭಕ್ತೀನೇ!" ಎಂದು ನಗಲು ಶುರುಮಾಡಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಒರೆಸಿಕೊಳ್ಳುತ್ತಲೇ ಇದ್ದರು. "ಅವರ ಭಕ್ತಿಗಿ ಅಂಜಿ ಸುಮ್ನಿದ್ದ ಈ ಮಿಸ್ತ್ರಿ, ಅವರು ಹೋದ ಮ್ಯಾಲ ಹೇಳ್ದ. ಈಗ ಅವರಿಗೆ ಹೇಳೋದು ಹ್ಯಾಂಗ? ಅದಕ್ಕ, ಅವರ ಗಂಟು ನಾ ಬಿಚ್ಚಂಗಿಲ್ಲ. ಅವರು ಕಟ್ಟಿದ್ದು ಅಂತ ಮನ್ಯಾಗ ಉಳಿದಿದ್ದು ಅದೊಂದೇ ಅದ."

ಆಮೇಲೆ ನಾನು ಹೊಗೆಯ ಬಗ್ಗೆ ಮಾತೆತ್ತಲಿಲ್ಲ. ಅರಿವೆಯನ್ನು ಕಾರು ಎದ್ದ ಮೇಲೆಯೇ ಹಾಕಿದೆ.

ಅಮಾವಾಸ್ಯೆಗೆ ನನ್ನನ್ನೂ ಅವ್ವನನ್ನೂ ನಾಲವಾರಕ್ಕೆ ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಬೈಗುಳ: ಲಾರಿಗಳಿಗೆ, ಎಮ್ಮೆಗಳಿಗೆ, ತೊಗರಿ ಹೊಲದ ಬದುವಿಗೆ ಬೈಕು ನಿಲ್ಲಿಸಿ ಫೋನಿನಲ್ಲಿ ಮಾತಾಡುವವರಿಗೆ. ಮಠದಲ್ಲಿ ಮಾತ್ರ ಬಾಯಿ ಬಂದ್. ಹೊಸ ವಿಭೂತಿ ತರುತ್ತಿದ್ದರು, ಮನೆಯಲ್ಲಿಡುತ್ತಿದ್ದರು. ಕಾರಿನಲ್ಲಿ ಹಳೆಯ ಚೀಲವೇ. ಅದರ ಕೆಂಪು ಬಿಸಿಲಿಗೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು.

ಒಂದು ವರ್ಷ ಬೇಸಿಗೆಯಲ್ಲಿ, ನೆತ್ತಿ ಸುಡುವ ಮಧ್ಯಾಹ್ನ, ಅವ್ವನಿಗೆ ಎದೆ ಹಿಡಿದುಕೊಂಡಿತು. ಬೆವರಿ ತೊಪ್ಪೆಯಾಗಿ ಗೋಡೆಗೆ ಒರಗಿ ಕುಳಿತುಬಿಟ್ಟಳು. ಅಂಬುಲೆನ್ಸು ಬೇರೆ ರೋಗಿಯನ್ನು ಕರೆದುಕೊಂಡು ಹೋಗಿತ್ತು, ಬರಲು ಹೊತ್ತಾಗುತ್ತಿತ್ತು. ನಾನು ಅಳುತ್ತ ಎದುರು ಮನೆಗೆ ಓಡಿದೆ. ನರ್ಸಬಾಯಿ ಅವ್ವನ ಕೈ ಹಿಡಿದು ನಾಡಿ ನೋಡಿದರು, ಒಂದು ಮಾತ್ರೆ ಬಾಯಿಗೆ ಹಾಕಿದರು, ನನ್ನತ್ತ ತಿರುಗಿ, "ಅಳೋದು ಆಮ್ಯಾಲ. ಕಾಲು ಹಿಡಿ, ಎತ್ತು," ಎಂದರು. ಕಾರು ಬೆಳಿಗ್ಗೆ ಓಡಿ ಬೆಚ್ಚಗೇ ಇತ್ತು, ಹೇಗೋ ಎದ್ದಿತು. ಕಲಬುರಗಿಯ ದವಾಖಾನೆಗೆ ಹೊರಟೆವು.

ಶಹಾಬಾದಿನ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಸಿಮೆಂಟು ಹೊತ್ತ ಗೂಡ್ಸ್ ಗಾಡಿ, ಮುಗಿಯುವ ಲಕ್ಷಣವೇ ಇಲ್ಲ. ನಿಂತಲ್ಲೇ ಎಂಜಿನ್ನು ಬುಕ್ ಬುಕ್ ಅಂದು ಆರಿಹೋಯಿತು. ಗೇಟು ತೆರೆಯಿತು. ನರ್ಸಬಾಯಿ ಕೀಲಿ ತಿರುಗಿಸಿದರು, ಗೊರಗೊರ, ಅಷ್ಟೇ. ಹಿಂದಿನ ಲಾರಿಗಳೆಲ್ಲ ಒಟ್ಟಿಗೆ ಹಾರ್ನ್ ಹಾಕಿದವು. ಅವರು ಇಳಿದು ಬಾನೆಟ್ ಎತ್ತಿ, ಬಿಸಿಲಿಗೆ ಕಾದ ಪಂಪು ತಣ್ಣಗಾಗಲೆಂದು ಬಾಟಲಿಯ ನೀರಿನಲ್ಲಿ ಟವೆಲ್ ನೆನೆಸಿ ಅದಕ್ಕೆ ಸುತ್ತಿ ಬಂದರು. ಮತ್ತೆ ಗೊರಗೊರ. ಕಾರಿನ ತುಂಬ ಪೆಟ್ರೋಲಿನ ವಾಸನೆ. ಅರ್ಧ ಚೋಕಿನಲ್ಲಿ ಓಡಿ ಓಡಿ ಎಂಜಿನ್ನಿಗೆ ಪೆಟ್ರೋಲು ಮಿತಿಮೀರಿತ್ತು. ನನ್ನ ತೊಡೆಯ ಮೇಲೆ ಅವ್ವನ ತಲೆ. ಅವ್ವನ ತುಟಿಗಳು ಬೆಳ್ಳಗಾಗಿದ್ದವು.

ನರ್ಸಬಾಯಿ ಒಮ್ಮೆ ಹಿಂದೆ ತಿರುಗಿ ಅವ್ವನ ಮುಖ ನೋಡಿದರು. ಆ ನೋಟ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಮೇಲೆ ಮುಂದೆ ತಿರುಗಿ, ಎರಡೂ ಕೈಯಿಂದ ಆ ಗಂಟನ್ನು ಬಿಚ್ಚಲು ಕುಳಿತರು. ಹಳೆಯ ಗಂಟು, ಬಿಸಿಲಿಗೆ ಬಿಗಿದುಹೋಗಿತ್ತು. ಉಗುರಿಗೆ ಬರಲಿಲ್ಲ. ಬಾಗಿ ಹಲ್ಲಿನಿಂದ ಕಡಿದರು. ಚೀಲವನ್ನು ಹಿಂದಕ್ಕೆ ಚಾಚಿ ಅವ್ವನ ಮುಷ್ಟಿಗೆ ತುರುಕಿ, "ಗಟ್ಟಿ ಹಿಡಕೋ ಯಕ್ಕಾ, ಬಿಡಬ್ಯಾಡ," ಎಂದರು. ಚೋಕನ್ನು ಪೂರ್ತಿ ಒಳಗೆ ತಳ್ಳಿ, ಎಕ್ಸಿಲರೇಟರನ್ನು ತಳಕ್ಕೆ ಒತ್ತಿ ಹಿಡಿದು ಕೀಲಿ ತಿರುಗಿಸಿದರು. ಒಂದಷ್ಟು ಕರಿ ಹೊಗೆ ಉಗುಳಿ ಕಾರು ಎದ್ದಿತು. ಅಲ್ಲಿಂದ ಕಲಬುರಗಿಯವರೆಗೆ ಎಲ್ಲೂ ಒಮ್ಮೆಯೂ ಕೆಮ್ಮಲಿಲ್ಲ. ದಾರಿಯುದ್ದಕ್ಕೂ ಅವರು ಯಾರಿಗೂ ಬೈಯಲಿಲ್ಲ.

ಅವ್ವ ಬದುಕಿಕೊಂಡಳು. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದರು. ಮನೆಗೆ ಬಂದ ಮೇಲೆ ಅವ್ವ ಆ ಚೀಲವನ್ನು ಹಿಂದಿರುಗಿಸಲು ಹೋದಳು. ನಾನು ಜೊತೆಗಿದ್ದೆ.

"ಇದು ನಿಮ್ಮ ಮನಿಯವ್ರು ಕಟ್ಟಿದ್ದು. ತಿರುಗಿ ಅಲ್ಲೇ ಕಟ್ಟವ್ವ," ಎಂದಳು ಅವ್ವ.

ನರ್ಸಬಾಯಿ ಕೈ ಚಾಚಲಿಲ್ಲ. "ನಾ ಕಟ್ಟಿದ್ರ ಅದು ನನ್ನ ಗಂಟು ಆಗ್ತದ ಯಕ್ಕಾ, ಅವರದ್ದಲ್ಲ. ನಿನ್ನ ಹಂತ್ಯಾಕ ಇರ್ಲಿ," ಎಂದರು.

ಅವ್ವ ಅದನ್ನು ನಮ್ಮ ದೇವರ ಜಗುಲಿಯ ಮೊಳೆಗೆ ಹಾಕಿದಳು.

ಅಂದಿನಿಂದ ಕಾರು ಒಂದೇ ಸಲಕ್ಕೆ ಏಳತೊಡಗಿತು. ಮಿಸ್ತ್ರಿ ಹೇಳಿದ್ದು ಖರೆಯಾಗಿತ್ತು. ಹೊಗೆ ಇಲ್ಲ, ಮಸಿ ಇಲ್ಲ, ಕೆಮ್ಮು ಇಲ್ಲ. ಮೊದಲ ಕೆಲವು ದಿನ ಅವ್ವ ಎರಡನೇ ಕೆಮ್ಮಿಗೆ ಕಾಯುತ್ತ ನಿಂತು ಚಹಾಪುಡಿ ಹಾಕುವುದನ್ನೇ ಮರೆತಳು. ಬರೀ ಬಿಸಿನೀರು ಕುದಿದು ಬತ್ತಿತು. ನಾವು ನಕ್ಕೆವು. ನರ್ಸಬಾಯಿ ನಗಲಿಲ್ಲ. ಚಳಿಗಾಲ ಬಂದಾಗ ಒಂದು ಮುಂಜಾನೆ ಅವರ ಅಡುಗೆಮನೆಗೆ ಹೋದೆ. ಹಂಚಿನ ಮೇಲೆ ನಾಲ್ಕು ಪ್ಲಗ್ಗು, ಪಕ್ಕದಲ್ಲಿ ಅವರು.

"ಈಗ ಇದರ ಜರೂರ್ ಇಲ್ಲಲ್ರಿ?" ಎಂದೆ.

"ಇಲ್ಲ. ಒಂದೇ ಸಲಕ್ಕ ಏಳ್ತದ," ಎಂದರು. ಇಕ್ಕಳದಿಂದ ಒಂದು ಪ್ಲಗ್ಗನ್ನು ಹೊರಳಿಸಿದರು. "ಮುಂಜಾನಿ ಭಾಳ ಉದ್ದ ಆಗ್ಯಾದ ತಂಗಿ. ಮೊದಲು ಇದಕ್ಕ ಬೈದು ಬೈದು, ಅವರಿಗಿ ನಾಕು ಮಾತು ಬೈದು, ಟೈಮ್ ಹೋಗೋದೇ ಗೊತ್ತಾಗ್ತಿರಲಿಲ್ಲ. ಈಗ ಕೀಲಿ ತಿರುವ್ತೀನಿ, ಏಳ್ತದ. ಆಮ್ಯಾಲ ನಾ ಏನು ಮಾಡ್ಲಿ?"

ನನ್ನ ಅವ್ವ ಉಳಿದಿದ್ದಳು; ಅವರ ಬೆಳಗು ಹೋಗಿತ್ತು. ಇದನ್ನು ಅವರು ಒಮ್ಮೆಯೂ ಆಡಿ ತೋರಿಸಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ. ಅವರ ಬೈಗುಳ ಕೇಳದೆ ನನ್ನ ಕಿವಿ ಖಾಲಿ ಖಾಲಿ.

ಅವರು ಹೋದ ಮೇಲೆ ಕಾಳಗಿಯಿಂದ ಅವರ ತಮ್ಮನ ಮಗ ಬಂದು ಮನೆಯ ಸಾಮಾನು ವಿಲೇವಾರಿ ಮಾಡಿದರು. ಒಳ್ಳೆಯ ಮನುಷ್ಯ, ಕಾರು ಬೇಕೇ ಎಂದು ಮೊದಲು ನನ್ನನ್ನೇ ಕೇಳಿದರು. ನನಗೆ ಸ್ಕೂಟಿಯೇ ಹೆಚ್ಚು. ಸೇಡಂನಲ್ಲಿ ಮದುವೆಗಳಿಗೆ ಹಳೆಯ ಕಾರು ಬಾಡಿಗೆಗೆ ಕೊಡುವವರೊಬ್ಬರು ಕೊಳ್ಳಲು ಒಪ್ಪಿದರು. ಈ ಸಂಕ್ರಾಂತಿಯ ಮರುದಿನ, ಮಂಜು ಇನ್ನೂ ಕರಗಿರದ ಬೆಳಿಗ್ಗೆ, ಒಯ್ಯಲು ಬಂದರು.

ಬ್ಯಾಟರಿ ಹೊಸದಾಗಿತ್ತು. ಆದರೆ ತಿಂಗಳುಗಟ್ಟಲೆ ನಿಂತ ಕಾರು, ಆ ಚಳಿಗೆ ಏಳಲಿಲ್ಲ. ಅವರು ಎಕ್ಸಿಲರೇಟರ್ ತುಳಿದು ತುಳಿದು ಕೀಲಿ ತಿರುಗಿಸುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಕೆಮ್ಮಲಿಕತ್ತದ," ಎಂದಳು. ನಾನು ಹೊರಗೆ ಓಡಿದೆ.

"ಒತ್ತಾಯ ಮಾಡಬ್ಯಾಡ್ರಿ. ಇಳೀರಿ ಕೆಳಗ," ಎಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಅವರು ಸುಮ್ಮನೆ ಇಳಿದುಬಿಟ್ಟರು.

ಪ್ಲಗ್ಗುಗಳನ್ನು ಅವರ ಕೈಯಿಂದಲೇ ಬಿಚ್ಚಿಸಿದೆ. ಅವ್ವ ಒಲೆ ಆರಿಸಿ ಬಿಸಿ ಹಂಚಿನ ಮೇಲೆ ಇಟ್ಟಳು. ಅಷ್ಟರಲ್ಲಿ ನಾನು ಗಾಜಿನ ಬಟ್ಟಲು ತಟ್ಟಿ, ಪಂಪಿನ ಹಿಡಿಕೆ ಆಡಿಸಿದೆ. ಪೆಟ್ರೋಲು ಮೆಲ್ಲಗೆ ಏರಿತು. ಸಿರಿಂಜು ಕಾರಿನೊಳಗೆ ತನ್ನ ಡಬ್ಬಿಯಲ್ಲೇ ಇತ್ತು. ಪೆಟ್ರೋಲು ಎಳೆದು ಮೇಲೆತ್ತಿ ಹಿಡಿದಾಗ ನನ್ನ ಉಗುರು ತಾನಾಗಿ ಎರಡು ಏಟು ಕೊಟ್ಟು ಗಾಳಿ ತೆಗೆಯಿತು. ಸೇಡಂನವರು ವಿಚಿತ್ರವಾಗಿ ನೋಡಿದರು, ನೋಡಲಿ. ಪ್ಲಗ್ಗುಗಳು ಅವ್ವನ ಸೆರಗಿನಲ್ಲಿ ಬಂದವು. ಎಲ್ಲ ಕೂರಿಸಿ ಚೋಕ್ ಪೂರ್ತಿ ಹೊರಗೆಳೆದು ಕೀಲಿ ತಿರುಗಿಸಿದೆ.

ಒಂದೇ ಸಲಕ್ಕೆ ಎದ್ದಿತು.

ಎಂಜಿನ್ನು ಬೆಚ್ಚಗಾಗುತ್ತಿತ್ತು. ಅವ್ವ ಒಳಗೆ ಹೋಗಿ ಬಂದವಳು ಕಿಟಕಿಯ ಹತ್ತಿರ ನಿಂತಿದ್ದಳು, ಮುಷ್ಟಿಯಲ್ಲಿ ಆ ಚೀಲ. ಹೊರಗೆ ಚಾಚಿದ್ದ ಚೋಕಿನ ಗುಂಡಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಕಟ್ಟಲೇನು? ಅಕಿ ಗಾಡಿ ಹೊಂಟದ, ಖಾಲಿ ಕೈಲೆ ಕಳಸಬೇಕೇನು?" ಎಂದಳು.

ನನಗೂ ಕಟ್ಟಬೇಕೆನ್ನಿಸಿತು. ಕಟ್ಟಿದರೆ ಸೇಡಂನಲ್ಲಿ ಯಾವುದೋ ಬೀದಿಯಲ್ಲಿ ದಿನಾ ಬೆಳಿಗ್ಗೆ ಅದು ಕೆಮ್ಮುತ್ತದೆ, ಯಾರೋ ಬೈಯುತ್ತಾರೆ. ಆದರೆ ಅಲ್ಲಿ ಬೈದು ಬೈದು ಕಾಯುವವರು ಯಾರಿದ್ದಾರೆ? ನಾಲ್ಕು ದಿನಕ್ಕೆ ಬೇಸತ್ತು ಗುಜರಿಗೆ ಹಾಕಿಬಿಡುತ್ತಾರೆ. ಬೆರಳಿಟ್ಟು ಗುಂಡಿಯನ್ನು ಪೂರ್ತಿ ಒಳಗೆ ತಳ್ಳಿದೆ.

"ಬ್ಯಾಡವ್ವ. ಅದು ನಿನ್ನ ಹಂತ್ಯಾಕೇ ಇರ್ಲಿ," ಎಂದು ಇಳಿದೆ.

ಸೇಡಂನವರು ಕೈಮುಗಿದು ಹತ್ತಿ ಕುಳಿತರು. ಕಾರು ಓಣಿ ದಾಟಿತು, ಸ್ಟೇಷನ್ ರಸ್ತೆಗೆ ಹೊರಳಿತು. ಕಾಣದಾದ ಮೇಲೂ ಅದರ ಸದ್ದು ಕೇಳುತ್ತಿತ್ತು, ಒಂದೇ ಸಮನೆ, ಎಲ್ಲೂ ತಡವರಿಸದೆ. ನಾವಿಬ್ಬರೂ ಉಸಿರು ಹಿಡಿದು ಕೇಳುತ್ತ ನಿಂತೆವು. ಸದ್ದು ಪೂರ್ತಿ ಅಡಗಿದ ಮೇಲೆ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

"ದರಿದ್ರದ್ದು," ಎಂದಳು. "ಹೋಗೋ ಮುಂದ ಒಂದ್ ಸಲರೆ ಕೆಮ್ಮಬಾರದಿತ್ತೇನ?"